ವೇಲ್ಸಿಗೆ ಹೋದ ಪೂರಿಗಾಲಿ ಅಣಬೆ

ಲಂಡನ್ನಿನ ವಿಮಾನ ನಿಲ್ದಾಣ

"ಇದು ತಿನ್ನುವ ಪದಾರ್ಥವೇ?" ಎಂದು ಸುಂಕದ ಅಧಿಕಾರಿ ಕೇಳಿದ. ಅವನ ಕೈಯಲ್ಲಿ ನನ್ನ ಪ್ಲಾಸ್ಟಿಕ್ ಡಬ್ಬಿ ಇತ್ತು. ಡಬ್ಬಿಯೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಒಣಗಿ ಸುಕ್ಕುಗಟ್ಟಿದ ಒಂದಷ್ಟು ಪುಟ್ಟ ಅಣಬೆಗಳು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ನಾನು ಮಂಡ್ಯದಿಂದ ಅಲ್ಲಿಯವರೆಗೆ ಹೋಗಿದ್ದೆ. ಹಾಗಾಗಿ ನಿಜವನ್ನೇ ಹೇಳಿದೆ. "ಗೊತ್ತಿಲ್ಲ."

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಳ್ಳಬಾರದು ಎಂದು ನಮ್ಮವರು ಸುಮ್ಮನೆ ಹೇಳಿಲ್ಲ. ಅನುಮತಿ ಪತ್ರಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ಅವನು ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋಗಿ, ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ಪಕ್ಕದಲ್ಲಿ ಒಬ್ಬ ಮುದುಕ ಮಾವಿನ ಹಣ್ಣಿನ ಪೆಟ್ಟಿಗೆಯನ್ನು ಕಳೆದುಕೊಂಡು ಮಂಕಾಗಿ ಕೂತಿದ್ದ. ಅಧಿಕಾರಿಗೆ ಹೇಳಲು ಆಗದೆ ಹೋದ ಕಥೆಯನ್ನು ನಿಮಗಾದರೂ ಹೇಳುತ್ತೇನೆ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ನನ್ನ ತಂಗಿ ಸವಿತಳನ್ನು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ ಕೊಟ್ಟಿದೆ. ಅವಳ ಅತ್ತೆ ಸಣ್ಣಮ್ಮನವರು ಅಣಬೆ ಗುರುತಿಸುವುದರಲ್ಲಿ ಹೆಸರು ಮಾಡಿದವರು. ಮಳೆ ಬಿದ್ದರೆ ಯಾವ ಹುತ್ತದ ಮೇಲೆ ಅಣಬೆ ಏಳುತ್ತದೆ ಎಂದು ಊರವರು ಅವರನ್ನೇ ಕೇಳುತ್ತಾರೆ. ಈ ಸಲ ಆರಿದ್ರಾ ಮಳೆಯಲ್ಲಿ ಅವರು ಬಂಡೂರಿನ ಕಡೆಯ ಗೋಮಾಳದಿಂದ ಸೆರಗಿನ ತುಂಬ ಪುಟ್ಟ ಗುಲಾಬಿ ಅಣಬೆ ಕಿತ್ತು ತಂದರು. "ಅರಿಸ್ನದ ನೀರಲ್ಲಿ ಅದ್ದಿ ತೆಗ್ದು ಸಾರು ಮಾಡು" ಎಂದು ಸೊಸೆಗೆ ಹೇಳಿ ಹೊಲಕ್ಕೆ ಹೋದರು. ಅಣಬೆಯಲ್ಲಿ ವಿಷವಿದ್ದರೆ ಅರಿಸಿನ ಅದನ್ನು ಎಳೆದುಕೊಳ್ಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸವಿತ ಸಾರು ಮಾಡಿದಳು. ಸಣ್ಣಮ್ಮನವರು ಮುದ್ದೆಯ ಜೊತೆ ಚೆನ್ನಾಗಿಯೇ ಉಂಡರು. ಸಂಜೆಗೆ ವಾಂತಿ ಶುರುವಾಗಿ, ಮಳವಳ್ಳಿ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದರು.

ಸಣ್ಣಮ್ಮನವರು ಮನೆಗೆ ಬಂದವರೇ ತೀರ್ಪು ಕೊಟ್ಟರು. "ಅರಿಸ್ನ ಆಕ್ನಿಲ್ಲ ಅವ್ಳು. ಆಕಿದ್ರೆ ನಂಗ್ಯಾಕಿಂಗಾಯ್ತಿತ್ತು?" ಸವಿತ ಹಾಕಿದ್ದೆ ಎಂದು ಆಣೆ ಇಟ್ಟಳು. ಆದರೆ ಅವಳು ಅವತ್ತು ಎರಡು ತುತ್ತು ಮಾತ್ರ ಉಂಡಿದ್ದಳು, ಅವಳಿಗೆ ಹೊಟ್ಟೆ ಸ್ವಲ್ಪ ಕೆಟ್ಟದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅದೂ ಅವಳ ಮೇಲೆಯೇ ಬಂತು. ಸಣ್ಣಮ್ಮನವರು ಹಿತ್ತಿಲ ಜಗಲಿಯಲ್ಲಿ ಬೇರೆ ಒಲೆ ಹೂಡಿದರು. ಸವಿತಳ ಗಂಡ ಯಾರ ಪಕ್ಷವನ್ನೂ ವಹಿಸದೆ ಎರಡೂ ಒಲೆಯ ಊಟ ಉಂಡು ದಪ್ಪಗಾದ. ಅಷ್ಟಕ್ಕೇ ನಿಂತಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯ ನಾಮಕರಣದಲ್ಲಿ ಅಡುಗೆಗೆ ಕೈ ಹಾಕಲು ಹೋದ ಸವಿತಳಿಂದ ಒಬ್ಬಾಕೆ ಸೌಟು ಕಿತ್ತುಕೊಂಡು, "ನೀನು ಕೂತ್ಕೊ ಬುಡು" ಎಂದಳಂತೆ. ಅವತ್ತು ನನಗೆ ಫೋನ್ ಮಾಡಿ ತುಂಬ ಹೊತ್ತು ಅತ್ತಳು.

ಅಟ್ಟದ ಮೇಲೆ ಮೊರದಲ್ಲಿ ಅದೇ ದಿನದ ಅಣಬೆ ಸ್ವಲ್ಪ ಒಣಗಿ ಉಳಿದಿತ್ತು. ಅದನ್ನು ನಾನು ತಂದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಹುಲ್ಲುಗಾವಲಿನ ಅಣಬೆಗಳನ್ನು ಗುರುತಿಸುವ ಬಗ್ಗೆ ವೇಲ್ಸಿನಲ್ಲಿ ನಡೆಯುವ ಒಂದು ಶಿಬಿರಕ್ಕೆ ನನಗೆ ಅವಕಾಶ ಸಿಕ್ಕಿತು. ಅಣಬೆಯೇ ವಿಷದ್ದು ಎಂದು ಸಾಬೀತಾದರೆ ಜಗಳ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ. ಸವಿತಳಿಗೆ ಆ ಲೆಕ್ಕದಲ್ಲಿ ನಂಬಿಕೆ ಇರಲಿಲ್ಲ. "ಅದ್ರ ಎಸ್ರು ಕಟ್ಕೊಂಡು ನಾನೇನ್ ಮಾಡ್ಲಿ ಅಕ್ಕ? ನಂದ್ ತಪ್ಪಿಲ್ಲ ಅಂತ ತಿಳ್ಕೊಂಡ್ ಬಾ" ಎಂದಿದ್ದಳು.

ಅಧಿಕಾರಿ ಡಬ್ಬಿಯನ್ನು ವಾಪಸು ತಂದುಕೊಟ್ಟ. "ತಿನ್ನಬೇಡಿ" ಎಂದ.

ಬ್ರೆಕನ್

ಆ ದೇಶದ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಮಂಡ್ಯದಲ್ಲಿ ರೈಲು ಹತ್ತಿದರೆ ಮದ್ದೂರು ಬರುವಷ್ಟರಲ್ಲಿ ಪಕ್ಕದವರ ಮಗಳಿಗೆ ಗಂಡು ಗೊತ್ತಾಗಿದೆಯೋ ಇಲ್ಲವೋ ತಿಳಿದಿರುತ್ತದೆ, ಕೈಗೆ ವಡೆಯೂ ಬಂದಿರುತ್ತದೆ. ಇಲ್ಲಿ ನನ್ನ ಎದುರು ಕೂತಿದ್ದಾಕೆ ಇಡೀ ದಾರಿಯಲ್ಲಿ ಆಡಿದ್ದು "ಕ್ಷಮಿಸಿ" ಎಂಬ ಒಂದೇ ಮಾತು. ಅದೂ ನಾನು ಅವಳ ಕಾಲು ತುಳಿದಾಗ.

ರೈಲಿಳಿದು ಬಸ್ಸು ಹಿಡಿದು ಬ್ರೆಕನ್ ಎಂಬ ಊರು ಸೇರಿದೆ. ಅಲ್ಲಿ ಉಳಿದುಕೊಂಡಿದ್ದ ಮನೆಯ ಒಡತಿ ಟೀ ಪಾತ್ರೆಗೆ ಉಣ್ಣೆಯ ಕುಲಾವಿ ಹಾಕಿ ತಂದಿಟ್ಟಳು. ಬಾಣಂತಿ ಮನೆಯ ಕೂಸಿಗೆ ಹಾಕುತ್ತಾರಲ್ಲ, ಅಂಥದೇ, ಕಿವಿ ಮುಚ್ಚುವ ಕುಲಾವಿ. ನಾನು ನಗು ತಡೆದುಕೊಂಡೆ. ಹೊತ್ತು ಮುಳುಗುವ ಮೊದಲೇ ರಾತ್ರಿಯೂಟ ಬಡಿಸಿದಳು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್, ಬೇಯಿಸಿದ ಬಟಾಣಿ, ಒಂದಕ್ಕೊಂದು ಪರಿಚಯವೇ ಇಲ್ಲದಂತೆ ತಟ್ಟೆಯಲ್ಲಿ ಕೂತಿದ್ದವು. "ಉಪ್ಪು ಬೇಕೇ?" ಎಂದು ಕೇಳಿದಳು. ನಾನು ಚೀಲದಿಂದ ಉಪ್ಪಿನಕಾಯಿ ತೆಗೆದೆ.

ಅಲ್ಲಿ ಮಳೆ ಬಂದರೆ ಯಾರೂ ಓಡುವುದಿಲ್ಲ. ನಮ್ಮಲ್ಲಿ ಮಳೆ ಹನಿದರೆ ಬಸ್ ನಿಲ್ದಾಣದ ಜನವೆಲ್ಲ ಒಂದು ಅಂಗಡಿಯ ಸೂರಿನಡಿ ತುಂಬಿಕೊಂಡು ಅಂಗಡಿಯವನಿಗೇ ಜಾಗವಿಲ್ಲದಂತೆ ಮಾಡುತ್ತೇವೆ. ಇವರು ನೆನೆದುಕೊಂಡೇ ನಾಯಿ ತಿರುಗಾಡಿಸುತ್ತಾರೆ. ನಾಯಿಗೆ ಮಾತ್ರ ಕೋಟು ಹಾಕಿರುತ್ತಾರೆ.

ಬೆಟ್ಟದ ಹುಲ್ಲುಗಾವಲು

ಶಿಬಿರ ನಡೆಸುವಾಕೆಯ ಹೆಸರು ಗ್ವೆನ್. ಅರವತ್ತು ದಾಟಿದ, ಎತ್ತರದ, ಅಣಬೆಗಳ ವಿದ್ವಾಂಸೆ. ಮೊದಲ ದಿನ ಬೆಟ್ಟದ ಮೇಲೆ ಹೋದ ಕೂಡಲೇ ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿಬಿಟ್ಟರು. ಅವರು ಜಾರಿ ಬಿದ್ದರೆಂದುಕೊಂಡು ನಾನು ಎಬ್ಬಿಸಲು ಓಡಿದೆ. ಅವರು ಅಣಬೆಯ ಕೊಡೆಯ ಅಡಿಭಾಗವನ್ನು ನೋಡುತ್ತಿದ್ದರು. ಆಮೇಲೆ ನಿಜವಾಗಿ ಜಾರಿ ಬಿದ್ದದ್ದು ನಾನು, ಎರವಲು ಪಡೆದ ದೊಡ್ಡ ಬೂಟುಗಳಲ್ಲಿ, ಕುರಿಯ ಹಿಕ್ಕೆಯ ಮೇಲೆ.

ಬೆಟ್ಟದ ತುಂಬ ಕುರಿ. ಬೆನ್ನಿನ ಮೇಲೆ ನೀಲಿ ಬಣ್ಣದ ಗುರುತು. ಕುರಿ ಮೇಯ್ದು ಮೇಯ್ದು ಹುಲ್ಲು ಚಾಪೆಯಷ್ಟು ಗಿಡ್ಡವಾಗಿತ್ತು. ಗೊಬ್ಬರ ಹಾಕದ, ಉಳದ, ಕುರಿ ಮೇಯುವ ಇಂಥ ನೆಲದಲ್ಲೇ ಈ ಅಣಬೆಗಳು ಬರುತ್ತವೆ ಎಂದು ಗ್ವೆನ್ ವಿವರಿಸಿದರು. ಬಂಡೂರಿನ ಗೋಮಾಳವೂ ಹಾಗೆಯೇ. ಜಮೀನಿನ ಯಜಮಾನ ನಾಯಿಯ ಜೊತೆ ಬಂದಾಗ ನಾನು ಫೋನಿನಲ್ಲಿ ಬಂಡೂರು ಕುರಿಯ ಫೋಟೋ ತೋರಿಸಿದೆ. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಕಾಲು ಎಲ್ಲಿ?" ಎಂದ.

"ಇವೆ. ಗಿಡ್ಡ."

"ಬೆಟ್ಟ ಹತ್ತುತ್ತದೆಯೇ?"

"ನಮ್ಮಲ್ಲಿ ಹತ್ತುವಂಥ ಬೆಟ್ಟವಿಲ್ಲ."

"ಹಾಗಾದರೆ ಸರಿ" ಎಂದು ತಲೆದೂಗಿದ. ಮಾಂಸದ ರುಚಿ ಕೇಳಿದ. ಅದರ ಬಗ್ಗೆ ನಾನು ಹೇಳಿದ್ದನ್ನು ಮಳವಳ್ಳಿಯ ಯಾರೂ ಅಲ್ಲಗಳೆಯಲಾರರು.

ಗ್ವೆನ್ ಅಣಬೆಯನ್ನು ಮೊದಲು ಮೂಸುತ್ತಿದ್ದರು, ಆಮೇಲೆ ನಮಗೆ ಮೂಸಲು ಕೊಡುತ್ತಿದ್ದರು. ಒಂದು ಜೇನಿನ ವಾಸನೆ, ಒಂದು ಸೌತೆಕಾಯಿ ವಾಸನೆ, ಒಂದು ಸೋಪಿನ ವಾಸನೆ. ನನ್ನ ಸರದಿ ಬಂದಾಗ "ಈಗತಾನೆ ಬೀಸಿದ ರಾಗಿ ಹಿಟ್ಟು" ಎಂದೆ. ಯಾರಿಗೂ ಗೊತ್ತಾಗಲಿಲ್ಲ. ಗ್ವೆನ್ "ಹಿಟ್ಟು, ಅದು ಸರಿ" ಎಂದು ನನ್ನ ಮಾನ ಉಳಿಸಿದರು. ಒಂದು ಕಡೆ ಹುಲ್ಲಿನ ನಡುವೆ ಚೂಪು ತಲೆಯ ಗುಲಾಬಿ ಅಣಬೆ ಎದ್ದಿತ್ತು. ಅವರು ಬೆರಳು ಮಾಡಿ ತೋರಿಸಿದ ಕೂಡಲೇ ನಾನು ಅವರ ಕೈ ಹಿಡಿದುಬಿಟ್ಟೆ. ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ಬೆಳೆದವಳು ನಾನು, ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸುತ್ತೇವೆ. ಸಸ್ಯಶಾಸ್ತ್ರ ಓದಿದರೂ ಕೈಗೆ ಗೊತ್ತಾಗಬೇಕಲ್ಲ. ಗ್ವೆನ್ ನಗಲಿಲ್ಲ. ಅವತ್ತಿನಿಂದ ಅವರೂ ಬೆರಳು ಮಡಚಿಯೇ ತೋರಿಸಿದರು.

ಗುಲಾಬಿ ಬಣ್ಣವನ್ನು ನಂಬಬೇಡಿ ಎಂಬುದು ಅವರ ಮೊದಲ ಪಾಠ. ಆ ಚೂಪು ತಲೆಯದು ಮೇಲೆ ಗುಲಾಬಿ, ಅದರ ಬೀಜದ ಪುಡಿ ಬಿಳಿ. ಇನ್ನು ಕೆಲವು ಮೇಲೆ ಹೇಗೇ ಇರಲಿ, ಬಲಿತ ಮೇಲೆ ಕೊಡೆಯಡಿಯ ಪದರಗಳು ಗುಲಾಬಿಯಾಗುತ್ತವೆ, ಪುಡಿಯೂ ಗುಲಾಬಿ. ನೋಡಲು ಎರಡೂ ಅಕ್ಕ ತಂಗಿಯರಂತೆ ಕಂಡರೂ ನೆಂಟಸ್ತಿಕೆ ಏನೂ ಇಲ್ಲ.

ಗ್ವೆನ್ ಅವರ ಮೇಜು

ಬೆಟ್ಟದಿಂದ ಇಳಿದ ಮೇಲೆ ಒಂದು ದಿನ ಅವರ ಕೆಲಸದ ಕೋಣೆಯಲ್ಲಿ ನನ್ನ ಡಬ್ಬಿ ತೆರೆಯಿತು. ಪೂರಿಗಾಲಿಯ ಅಣಬೆ ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಕೂತಿತು. "ಗುಲಾಬಿ, ಅಂಚಿನಲ್ಲಿ ಸ್ವಲ್ಪ ಹಳದಿ" ಎಂದು ಗ್ವೆನ್ ತಮ್ಮಷ್ಟಕ್ಕೆ ಹೇಳಿಕೊಂಡರು. ಪದರದಿಂದ ಒಂಚೂರು ಪುಡಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ನನ್ನನ್ನು ಕರೆದರು. ಬೀಜಕಣಗಳು ದುಂಡಗಿರಲಿಲ್ಲ. ಕಲ್ಲುಸಕ್ಕರೆಯ ಚೂರುಗಳಂತೆ ಮೂಲೆ ಮೂಲೆಯಾಗಿದ್ದವು. ಅಷ್ಟು ಸಾಕು, ಇದು ಎಂಟೊಲೋಮ ಎಂಬ ಕುಲದ್ದು ಎಂದರು. ಆ ಕುಲದಲ್ಲಿ ಹೊಟ್ಟೆ ಕೆಡಿಸುವವು ಬಹಳ, ಸಣ್ಣವುಗಳ ವಿಷಯ ಅರ್ಧಕ್ಕರ್ಧ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಯಾವುದನ್ನೂ ತಿನ್ನಬಾರದು ಎಂದೂ ಹೇಳಿದರು. ನಾನು ಬಂದ ಕೆಲಸ ಅರ್ಧ ಆದಂತಾಯಿತು.

ಆದರೆ ಕುಲ ಗೊತ್ತಾದರೆ ಸಾಲದು. ಜೀವಕೋಶಗಳನ್ನು ನೋಡಲು ಒಣಗಿದ ಚೂರನ್ನು ಕ್ಷಾರದ ಹನಿಯಲ್ಲಿ ನೆನೆಸುತ್ತಾರೆ. ಸುಕ್ಕಾದದ್ದು ಅರಳುತ್ತದೆ. ಗ್ವೆನ್ ಹನಿ ಬಿಟ್ಟರು. ಅಣಬೆಯ ಚೂರಿನಿಂದ ಕೆಂಪು ಹರಿಯಿತು. ಸುಮ್ಮನೆ ಕೆಂಪಲ್ಲ, ರಕ್ತಗೆಂಪು.

ಅವರು ಇನ್ನೊಂದು ಚೂರಿಗೆ ಹನಿ ಬಿಟ್ಟರು. ಅದೂ ಕೆಂಪು. ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆದರು. ಅವರು ಬಂದು ನೋಡಿ ಕುರ್ಚಿ ಎಳೆದುಕೊಂಡು ಕೂತರು. ಈ ಗುಂಪಿನ ಯಾವ ಅಣಬೆಯೂ ಹೀಗೆ ಕೆಂಪಾಗಿದ್ದನ್ನು ತಾವು ಕಂಡಿಲ್ಲ ಎಂದು ಇಬ್ಬರೂ ಹೇಳಿದರು. "ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲದಿರಬಹುದು" ಎಂದು ಗ್ವೆನ್ ನನ್ನ ಕಡೆ ತಿರುಗಿದರು. "ಏನು ಹೆಸರಿಡುತ್ತೀರಿ?"

ನನಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷ ಬೇರೆಯವರು ಹೆಸರಿಟ್ಟ ಗಿಡಗಳನ್ನು ಮಕ್ಕಳಿಗೆ ಉರು ಹೊಡೆಸಿದವಳು ನಾನು. ಊರಿನ ಹೆಸರಿಡಬೇಕೆಂದುಕೊಂಡೆ. ಬಂಡೂರಿನದೋ ಪೂರಿಗಾಲಿಯದೋ ಎಂದು ಮನಸ್ಸಿನಲ್ಲೇ ಎರಡು ಊರಿನವರ ಜಗಳ ಬಿಡಿಸಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಸುದ್ದಿ ಕೇಳಿ ಯಾರ ಮುಖ ಹೇಗಾಗುತ್ತದೆ ಎಂಬುದನ್ನೂ ಒಂದು ಸುತ್ತು ನೋಡಿಬಂದೆ.

ಆಮೇಲೆ ಇನ್ನೊಮ್ಮೆ ಬಟ್ಟಲಿನ ಕಡೆ ನೋಡಿದೆ. ಬಿಳಿ ಪಿಂಗಾಣಿಯ ಮೇಲೆ ಆ ಕೆಂಪು ನಿಂತಿತ್ತು. ಅದನ್ನು ನಾನು ಎಲ್ಲಿ ನೋಡಿದ್ದೇನೆ ಎಂದು ಯೋಚಿಸಬೇಕಾಗಲೇ ಇಲ್ಲ. ಮದುಮಕ್ಕಳು ಮನೆ ಬಾಗಿಲಿಗೆ ಬಂದಾಗ, ಬಾಣಂತಿ ಕೂಸಿನೊಡನೆ ಬಂದಾಗ ತಟ್ಟೆಯಲ್ಲಿ ತುಳುಕುವ ಕೆಂಪು ಅದು. ಆರತಿ ನೀರು. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಬರುವ ಬಣ್ಣ. ಸುಣ್ಣವೂ ಕ್ಷಾರವೇ.

ಹೇಳದೆ ಇರಬಹುದಿತ್ತು, ಆ ಕೋಣೆಯಲ್ಲಿ ಅರಿಸಿನದ ಯೋಚನೆ ಬರುವಂಥವರು ನನ್ನ ಹೊರತು ಯಾರೂ ಇರಲಿಲ್ಲ. ಆದರೆ ಕೆಂಪು ಬಂದರೆ ಅರಿಸಿನ ಇದೆ ಎಂದರ್ಥ. ಅರಿಸಿನ ಇದ್ದರೆ ಸವಿತ ಹೇಳಿದ್ದು ನಿಜ. ಹೊಸ ಅಣಬೆ ಕೈತಪ್ಪಿ ಹೋಗುತ್ತಿರುವಾಗ ನನಗೆ ಅಷ್ಟು ಹಗುರಾಗಬಹುದೆಂದು ನಾನು ಎಣಿಸಿರಲಿಲ್ಲ.

"ಇದು ಅಣಬೆಯ ಬಣ್ಣವಲ್ಲ" ಎಂದೆ. "ನನ್ನ ತಂಗಿ ಹಾಕಿದ್ದು."

ನಾನು ಎಲ್ಲ ವಿವರಿಸಿದ ಮೇಲೆ ಗ್ವೆನ್ ಕನ್ನಡಕ ತೆಗೆದು ಒರೆಸಿದರು. ಅವರಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. "ಹೀಗಂತ ಹೇಳಿಬಿಟ್ಟರೆ ಆಗಲಿಲ್ಲ. ಮಾಡಿ ನೋಡೋಣ" ಎಂದರು.

ಅರಿಸಿನ ಹುಡುಕಿದ್ದು

ಅರಿಸಿನವಿಲ್ಲದ ಊರೆಂದರೆ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ದೊಡ್ಡ ಅಂಗಡಿಯ ಒಂದು ಮೂಲೆಯಲ್ಲಿ, ಅತ್ತರಿನ ಶೀಶೆಯಷ್ಟು ಪುಟ್ಟ ಬಾಟಲಿ ಇರುತ್ತದಂತೆ. ನಾನು ಹೋದಾಗ ಅದೂ ಖಾಲಿ. ಕೊನೆಗೆ ನಾನಿದ್ದ ಮನೆಯ ಒಡತಿಯೇ ಕಪಾಟಿನಿಂದ ಒಂದು ಡಬ್ಬಿ ತೆಗೆದಳು. ಮಂಡಿ ನೋವಿಗೆ ಹಾಲಿನಲ್ಲಿ ಕುಡಿಯುತ್ತಾಳಂತೆ. "ನಿಮಗೂ ಮಂಡಿ ನೋವೇ?" ಎಂದು ಕನಿಕರದಿಂದ ಕೇಳಿದಳು. "ಅಣಬೆಗೆ" ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ಅಂಗಡಿಯಲ್ಲಿ ಸಿಗುವ ಬಿಳಿ ಅಣಬೆಯನ್ನು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದೆ. ಅದ್ದದೆ ಇನ್ನೊಂದನ್ನು ಇಟ್ಟೆ. ಎರಡನ್ನೂ ಗ್ವೆನ್ ಕೋಣೆ ಬೆಚ್ಚಗಿಡುವ ಕೊಳವೆಯ ಮೇಲೆ ಒಣಗಿಸಿದರು. ಮರುದಿನ ಕ್ಷಾರದ ಹನಿ ಬಿಟ್ಟಾಗ ಅದ್ದದೆ ಇಟ್ಟದ್ದು ಸುಮ್ಮನಿತ್ತು. ಅದ್ದಿದ್ದು ಕೆಂಪಾಯಿತು. ಕೆಂಪಿನ ಮೇಲೆ ಹುಳಿ ದ್ರಾವಣ ಬಿಟ್ಟರೆ ಹಳದಿಗೆ ತಿರುಗಿತು. ಪೂರಿಗಾಲಿಯದಕ್ಕೆ ಬಿಟ್ಟರೂ ಹಾಗೆಯೇ. ಗ್ವೆನ್ ತಲೆಯಾಡಿಸಿದರು. ಕುಲದ ಮಾತು ಹಾಗೆಯೇ ನಿಂತಿತು, ಏಕೆಂದರೆ ಬೀಜಕಣದ ಮೂಲೆಗಳನ್ನು ಅರಿಸಿನ ಬದಲಿಸುವುದಿಲ್ಲ. ಯಾವ ಪ್ರಭೇದ ಎಂಬುದಕ್ಕೆ ಮಾತ್ರ ತೊಳೆಯದ ಹೊಸ ಅಣಬೆ ಬೇಕು, ಅದಕ್ಕೆ ಮುಂದಿನ ಮಳೆಗಾಲದವರೆಗೆ ಕಾಯಬೇಕು.

ಅಲ್ಲಿ ಮಧ್ಯಾಹ್ನವಾದಾಗ ಪೂರಿಗಾಲಿಯಲ್ಲಿ ಸಂಜೆ. ಸವಿತಳಿಗೆ ಫೋನ್ ಮಾಡಿದೆ.

"ಅವತ್ತು ಅಣಬೆಗೆ ಅರಿಸಿನ ಹಾಕಿದ್ಯಲ್ಲ, ಮೊರದಲ್ಲಿದ್ದವಕ್ಕೂ ಹಾಕಿದ್ಯಾ?"

"ಅಯ್ಯೋ ಸಿವನೆ, ಅಷ್ಟ್ ದೂರ ಓಗಿ ನೀನೂ ಅದ್ನೇ ಕೇಳ್ತಿದ್ದೀಯಲ್ಲಕ್ಕ! ಎಲ್ಲಾನೂ ಒಂದೇ ಪಾತ್ರೇಲಿ ಅದ್ದಿ ತೆಗ್ದಿದ್ದೆ. ಯಾರ್ ನಂಬ್ತಾರೆ?"

"ಕಾಣಿಸ್ತಿದೆ ಕಣೇ."

"ಏನ್ ಕಾಣ್ತಾ ಅದೆ?"

"ನೀನು ಹಾಕಿದ ಅರಿಸಿನ."

ಅವಳು ಮೆಲ್ಲಗೆ, "ಅಲ್ಲೀಗಂಟ ಕಾಣ್ತದಾ?" ಎಂದಳು.

ಪೂರಿಗಾಲಿ

ಊರಿಗೆ ಬಂದ ವಾರದಲ್ಲೇ ಮಳವಳ್ಳಿ ಬಸ್ಸು ಹತ್ತಿದೆ. ಸಣ್ಣಮ್ಮನವರು ಹಿತ್ತಿಲ ಜಗಲಿಯಲ್ಲಿ ತಮ್ಮ ಒಲೆಯ ಪಕ್ಕ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಬಾರವ್ವ, ಬಿಳೀ ಜನದ ದೇಸ ಎಂಗದೆ?" ಎಂದರು. "ಕುರಿ ಜಾಸ್ತಿ ಅತ್ತೆ" ಎಂದೆ. ಬಿಳಿಯ ತಟ್ಟೆಯೊಂದರಲ್ಲಿ ಉಳಿದಿದ್ದ ಅಣಬೆಯ ಚೂರು ಇಟ್ಟು, ಅವರ ಎಲೆ ಚೀಲದಿಂದ ಸುಣ್ಣ ಕೇಳಿದೆ. ಕಡ್ಡಿಯ ತುದಿಯಷ್ಟು ಸುಣ್ಣವನ್ನು ನೀರಿನಲ್ಲಿ ಕದಡಿ ಚೂರಿನ ಮೇಲೆ ಬಿಟ್ಟೆ.

ಕೆಂಪಾಯಿತು. ಸಣ್ಣಮ್ಮನವರು ಎಲೆ ಜಗಿಯುವುದನ್ನು ನಿಲ್ಲಿಸಿದರು.

"ಇದು ಆರತಿ ನೀರಲ್ವಾ?"

"ಅದೇ ಅತ್ತೆ. ಅರಿಸಿನ ಇಲ್ಲದೆ ಬರುತ್ತಾ?"

"ಅದೆಂಗ್ ಬಂದದು?" ಎಂದು ತಟ್ಟೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಅವತ್ತಿನ ಅಣಬೇನಾ?"

"ಅವತ್ತಿನದೇ. ನಿಮ್ಮ ಅಟ್ಟದ ಮೊರದಿಂದ ತಗೊಂಡಿದ್ದು."

ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಅರಿಸಿನ ಯಾವ ವಿಷವನ್ನೂ ಎಳೆಯುವುದಿಲ್ಲ, ಈ ಗುಲಾಬಿ ಅಣಬೆಯನ್ನು ಅರಿಸಿನ ಹಾಕಿ ಆಗಲಿ ಹಾಕದೆ ಆಗಲಿ ಇನ್ನು ಮೇಲೆ ಯಾರೂ ತಿನ್ನಬಾರದು ಎಂದೆ. ಸಣ್ಣಮ್ಮನವರು ತಟ್ಟೆ ಕೆಳಗಿಟ್ಟರು.

"ಅಂಗಾರೆ ಅವ್ಳು ಅರಿಸ್ನ ಆಕವ್ಳೆ."

"ಹಾಕಿದ್ದಾಳೆ."

"ಅರಿಸ್ನ ಏನೂ ಕೆಲ್ಸ ಮಾಡ್ನಿಲ್ಲ."

"ಇಲ್ಲ."

ಅವರು ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು ಕೂತರು. "ಅಂಗಾರೆ ತಪ್ಪು ಕಿತ್ಕೊಂಡ್ ಬಂದೋಳ್ದು" ಎಂದರು. ಊರಿಗೆಲ್ಲ ಅಣಬೆ ತೋರಿಸಿಕೊಟ್ಟವರು ಅವರು.

ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಕಡೆ ತಿರುಗಿ, "ಸವಿತಾ, ನಂಗೂ ಒಂದ್ ಮುದ್ದೆ ತತ್ತಾ" ಎಂದು ಕೂಗಿದರು.

ಸವಿತ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳು ಕೆರಳಿದಳು. "ನಾನ್ ಬಾಯ್ ಬಡ್ಕೊಂಡಾಗ ನಂಬ್ನಿಲ್ಲ. ಈಗ ಸುಣ್ಣ ಏಳ್ತು ಅಂತ ನಂಬ್ತೀರಾ ಅತ್ತೆಮ್ಮ? ಮುದ್ದೆನೂ ಇಲ್ಲ ಏನೂ ಇಲ್ಲ. ನಿಮ್ಮೊಲೆ ಮ್ಯಾಲೇ ಮಾಡ್ಕೊಳಿ." ಇಷ್ಟು ಹೇಳಿ ಒಳಗೆ ಹೋದಳು.

ಸಣ್ಣಮ್ಮನವರು ಎದ್ದು ಒಲೆ ಹಚ್ಚಿ, ಎಸರಿಟ್ಟು, ಹಿಟ್ಟು ಹಾಕಿ ತಿರುವಿದರು. ತಮಗೆ ಮಾಡಿಕೊಳ್ಳುವ ಪುಟ್ಟ ಪಾತ್ರೆಯಲ್ಲಲ್ಲ, ದೊಡ್ಡದರಲ್ಲಿ. ಮುದ್ದೆ ಕಟ್ಟಿ ತಟ್ಟೆಗಳಿಗೆ ಇಟ್ಟು ಸೊಪ್ಪಿನ ಸಾರು ಬಿಟ್ಟರು. "ಸವಿತಾ, ಬಾ ಉಣ್ಣು" ಎಂದರು. ಅವಳು ಬರಲಿಲ್ಲ. ಕೈಯ ಹಿಟ್ಟು ತೊಳೆದುಕೊಂಡು ಬಾಗಿಲ ಹತ್ತಿರ ಹೋಗಿ ಇನ್ನೊಮ್ಮೆ ಕರೆದರು. "ಬಾರವ್ವ, ಆರೋಯ್ತದೆ."

ಸವಿತ ಕಣ್ಣೊರೆಸಿಕೊಂಡು ಬಂದು ಆ ಒಲೆಯ ಮುಂದೆ ಕೂತಳು. ಅವಳು ಮೊದಲನೆಯ ತುತ್ತು ನುಂಗುವವರೆಗೂ ಸಣ್ಣಮ್ಮನವರು ತಮ್ಮ ತಟ್ಟೆಗೆ ಕೈ ಹಾಕಲಿಲ್ಲ.